ಆನೆಗೆ ಕುರಿಯ ಕಾಲು

ಚಕ್ರವನ್ನು ಕಂಡುಹಿಡಿದ ದಿನವೇ ಮನುಷ್ಯಕುಲದ ಏಳಿಗೆ ಆರಂಭವಾಯಿತೆಂದು ತಿಳಿದವರೆಲ್ಲ ಬರೆದಿದ್ದಾರೆ. ಹಾಗೆ ಬರೆದವರಲ್ಲಿ ಒಬ್ಬರೂ ಇದ್ದ ಚಕ್ರ ಬಿಚ್ಚಿಸಿ ಬೇರೆಯದನ್ನು ಹಾಕಿಸಲು ಹೋದವರಲ್ಲ ಎಂದು ನನಗೆ ಬಲವಾದ ಗುಮಾನಿ.

ನಾನು ಹೋಗಿದ್ದೆ. ಆದಕಾರಣ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವ ಅಧಿಕಾರ ನನಗಿದೆ.

ಇಳಕಲ್ಲಿನಲ್ಲಿ ನಮ್ಮದು ತಲೆತಲಾಂತರದಿಂದ ಸೀರೆ ನೇಯುವ ಮನೆತನ. ನನ್ನ ಕಾಲಕ್ಕೆ ನೇಯುವುದು ಹೋಗಿ ಮಾರುವುದು ಬಂತು. ಸೀರೆಗಂಟು ಹೇರಿಕೊಂಡು ಊರೂರು ತಿರುಗಲು ಒಂದು ಗಾಡಿ ಬೇಕಾಯಿತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿದ್ದಾಗ, ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ಓಡಿಸಿ ಬಿಟ್ಟಿದ್ದ ಎತ್ತರದ ಗಾಡಿಯೊಂದನ್ನು ಕೊಂಡೆ. ಪೇಪರಿನವರು ಅಂಥದ್ದಕ್ಕೆ ಎಸ್‌ಯುವಿ ಎನ್ನುತ್ತಿದ್ದರು. ನಮ್ಮ ಓಣಿಯವರು ಜೀಪು ಎಂದರು. ನನ್ನ ಹೆಂಡತಿ ನೀಲವ್ವ ಅದರ ಬಾಗಿಲು ತೆರೆದು, ಮೇಲೆ ನೋಡಿ, ಕೆಳಗೆ ನೋಡಿ, "ಅಟ್ಟ" ಎಂದಳು.

ಆ ಗಾಡಿಯ ಹಿಂದಿನ ಬಲಬಾಗಿಲು ಕೊಂಡ ದಿನದಿಂದಲೂ ತೆರೆದಿರಲಿಲ್ಲ. ಇದನ್ನು ಓದುಗರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ನಮ್ಮ ಒಬ್ಬಳೇ ಮಗಳು ಕಸ್ತೂರಿಯನ್ನು ಬಾದಾಮಿಗೆ ಕೊಟ್ಟಿದ್ದೇವೆ. ಅವಳಿಗೆ ಚೊಚ್ಚಲ ಬಸಿರು, ಏಳು ತಿಂಗಳು. ನಮ್ಮ ಕಡೆ ಏಳರಲ್ಲಿ ಮಗಳನ್ನು ತವರಿಗೆ ಕರೆತಂದು, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಕುಬಸ ಮಾಡುತ್ತೇವೆ. ಹೆರಿಗೆಯೂ ಬಾಣಂತನವೂ ತವರಿನಲ್ಲೇ. ಎಂಟರಲ್ಲಿ ಪ್ರಯಾಣವಿಲ್ಲ. ಹೀಗಾಗಿ ಏಳು ಮುಗಿಯುವುದರೊಳಗೆ ಕರೆತರದಿದ್ದರೆ ಕುಬಸವೂ ಇಲ್ಲ, ಬಾಣಂತನವೂ ಇಲ್ಲ; ನೀಲವ್ವ ಒಂದು ವರ್ಷದಿಂದ ಕೂಡಿಟ್ಟ ಹಳೆಯ ಮೆತ್ತನೆಯ ಬಟ್ಟೆ, ಬಾಣಂತಿಯ ಉಂಡೆಗೆ ಬೇಕಾದ ಅಂಟು, ಉತ್ತತ್ತಿ ಎಲ್ಲ ಹಾಗೇ ಡಬ್ಬಿಯಲ್ಲಿ.

ಸ್ವಂತ ಗಾಡಿಯಲ್ಲಿ ಮಗಳನ್ನು ಕರೆತರುತ್ತೇನೆಂದು ಬಾದಾಮಿಗೆ ಫೋನು ಮಾಡಿದೆ. ಬೀಗತಿ ಚನ್ನಬಸವ್ವ ಎತ್ತಿಕೊಂಡರು. ಅವರು ಒಮ್ಮೆ ನಮ್ಮ ಗಾಡಿ ಹತ್ತಲು ಹೋಗಿ, ಸೀರೆಯ ನಿರಿಗೆ ಕಾಲಡಿ ಸಿಕ್ಕು, ಬಂದ ಗೌರವದಿಂದಲೇ ಹಿಂದಕ್ಕೆ ಇಳಿದವರು.

"ಬೀಗರ, ಆ ಗಾಡಿ ನನಗ ಹತ್ತಾಕ ಆಗಲಿಲ್ಲ. ಏಳು ತಿಂಗಳ ಬಸರಿ ಹೆಂಗ ಹತ್ತ್ಯಾಳ್ರಿ? ಹತ್ತಾಕ ಬರೂವಂಗಿದ್ರ ತರ್ರಿ. ಇಲ್ಲಾಂದ್ರ ಬ್ಯಾಡ. ಕುಬಸ ಇಲ್ಲೇ ಮಾಡಿದ್ರಾತು."

"ಮುಂದಿನ ಸೀಟಿನ್ಯಾಗ ಕುಂಡ್ರಿಸಿದ್ರ?"

"ಗಾಜಿನ್ಯಾಗ ಊರ ಮಂದಿಗೆಲ್ಲ ಕಾಣೂವಂಗ? ದೃಷ್ಟಿ ಆಕ್ಕೈತ್ರಿ. ಹಿಂದ ಕುಂಡ್ರಬೇಕು."

ಫೋನು ಇಟ್ಟು ತಿರುಗಿದೆ. ನೀಲವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ಅದಕ್ಕೇನ್ರಿ, ಒಂದ ಮಣಿ ಇಟ್ರಾತು. ಮಣಿ ಮ್ಯಾಲ ಕಾಲಿಟ್ಟು ಹತ್ತತಾಳ."

ನನಗೆ ಆ ಮಾತು ಹಿಡಿಸಲಿಲ್ಲ. ಊಟಕ್ಕೆ ಕೂರುವ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೀಗರ ಬಾಗಿಲಿಗೆ ಹೋಗುವುದೆಂದರೇನು! ಸಮಸ್ಯೆ ದೊಡ್ಡದು; ಪರಿಹಾರವೂ ಅದಕ್ಕೆ ತಕ್ಕಂತಿರಬೇಕು.

ಇಲ್ಲಿ ನಮ್ಮ ಮನೆತನದ ಬುದ್ಧಿಯನ್ನು ಸ್ವಲ್ಪ ವಿವರಿಸಬೇಕು. ನಮ್ಮದು ಕುಣಿಮಗ್ಗ. ನೇಕಾರ ನೆಲದ ಮಟ್ಟಕ್ಕೆ ಕೂತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ತುಳಿಯುತ್ತಾನೆ. ಮಗ್ಗ ಎತ್ತರವಾಯಿತು ಅನ್ನಿಸಿದರೆ ನಮ್ಮ ಹಿರಿಯರು ಮಗ್ಗವನ್ನು ಕೆತ್ತಲು ಹೋಗುತ್ತಿರಲಿಲ್ಲ, ಕುಣಿಯನ್ನು ಕೆದರುತ್ತಿದ್ದರು. ಎತ್ತರದ ಯಾವ ತಂಟೆಗೂ ನಮ್ಮ ರಕ್ತ ಹೇಳುವುದು ಒಂದೇ: ಇಳಿಸು. ಬೀಗರ ಬಾಗಿಲಲ್ಲಿ ಗಾಡಿಗೊಂದು ಕುಣಿ ತೋಡಿಸಬಹುದೇ ಎಂದು ಮೊದಲು ಯೋಚಿಸಿದೆ. ಬಸುರಿಯ ಬಾಗಿಲಲ್ಲಿ ತಗ್ಗು ತೋಡಿಸಿದ ತಂದೆ ಎಂಬ ಹೆಸರು ಬರುತ್ತದೆಂದು ಬಿಟ್ಟೆ. ಹಾಗಾದರೆ ಉಳಿದದ್ದು ಗಾಡಿಯನ್ನೇ ಇಳಿಸುವುದು. ಗಾಡಿ ನಿಂತಿರುವುದು ಯಾವುದರ ಮೇಲೆ? ಗಾಲಿಯ ಮೇಲೆ. ಗಾಲಿ ಸಣ್ಣದಾದರೆ?

ಇಷ್ಟು ಸರಳ ವಿಷಯ ಗಾಡಿ ಮಾಡುವ ಕಂಪನಿಗಳಿಗೆ ಯಾಕೆ ಹೊಳೆಯಲಿಲ್ಲವೆಂದು ಅಂದು ರಾತ್ರಿ ಅವರ ಬಗ್ಗೆ ಕನಿಕರಪಟ್ಟು ಮಲಗಿದೆ.

ಮರುದಿನ ಬಾಗಲಕೋಟೆಗೆ ಹೋದೆ. ನವನಗರದ ರಸ್ತೆಯಲ್ಲಿ ಟಾಯರಿನ ಅಂಗಡಿ ಇಟ್ಟಿದ್ದ ರಾಜೇಸಾಬ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನಾಗೈತ್ರಿ ಸಾವಕಾರ್ರ ಗಾಲಿಗೆ?"

"ಏನೂ ಆಗಿಲ್ಲ. ಎತ್ತರ ಭಾಳ ಆಗ್ಯಾವು."

ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟ. "ಟಾಯರ್ ಸವದಾವಂತ ಬರ್ತಾರ, ಒಡದಾವಂತ ಬರ್ತಾರ. ಎತ್ತರ ಆಗ್ಯಾವಂತ ಬಂದವ್ರು ನೀವ ಮೊದಲ."

ಇದನ್ನು ನಾನು ಹೊಗಳಿಕೆಯೆಂದು ತಿಳಿದೆ.

ಅವನ ಹಿತ್ತಿಲಲ್ಲಿ ಹಳೆಯ ಡಿಸ್ಕುಗಳ ಒಂದು ಗುಡ್ಡೆಯೇ ಇತ್ತು. ಅದರಲ್ಲಿ ನನ್ನ ಗಾಡಿಯ ಬೋಲ್ಟಿಗೆ ಹೊಂದುವ ಸಣ್ಣ ಡಿಸ್ಕುಗಳು ಸಿಕ್ಕವು. ಅವಕ್ಕೆ ಪೇಟೆಯ ಕಾರಿಗೆ ಹಾಕುವಂಥ ಟಾಯರು. ಬೋಳು ಬೋಳು, ಮಟ್ಟಸ, ನೋಡಲು ಬಹಳ ಸಭ್ಯ. ನನ್ನ ಹಳೆಯವು ಟ್ರ್ಯಾಕ್ಟರಿನ ತಮ್ಮನಂತೆ ಹಲ್ಲುಕಿರಿದುಕೊಂಡು ಇರುತ್ತಿದ್ದವು.

"ಸ್ಟೆಪ್ನಿನೂ ಬದಲಿ ಮಾಡೋಣೇನ್ರಿ?"

"ಸ್ಟೆಪ್ನಿ ಮ್ಯಾಲ ಯಾರ ಹತ್ತತಾರೋ? ಅದು ಹಳೇದ ಇರ್ಲಿ."

ರಾಜೇಸಾಬ ಅದನ್ನು ಇದ್ದಲ್ಲೇ ಬಿಗಿದ. ಬಿಚ್ಚಿದ ಹಳೆಯ ಗಾಲಿಗಳನ್ನು ಗಾಡಿಗೆ ಹೇರಲು ಹೋದಾಗ, "ಇಲ್ಲೇ ಇರ್ಲಿ ಬಿಡ್ರಿ. ಬರ್ತೀರಲಾ" ಎಂದ.

ಗಾಡಿ ನಾಲ್ಕು ಬೆರಳು ಇಳಿದಿತ್ತು. ಅಳೆದು ನೋಡಿ ಸಂತೋಷಪಟ್ಟೆ. ಇಳಕಲ್ಲಿಗೆ ಬರುವಾಗ ಇನ್ನೊಂದು ಲಾಭ ಕಂಡುಬಂತು: ಮೊದಲು ಮೈಯೆಲ್ಲ ನಡುಗಿಸಿ ಅರವತ್ತು ಮುಟ್ಟುತ್ತಿದ್ದ ಮುಳ್ಳು ಈಗ ಸುಮ್ಮನೆ ಕಾಲಿಟ್ಟರೆ ಅರವತ್ತಕ್ಕೆ ಬಂದು ನಿಲ್ಲುತ್ತಿತ್ತು. ಗಾಡಿಗೆ ಪ್ರಾಯ ಬಂದಿತ್ತು! ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡೊಂದು ನನ್ನನ್ನು ಹಿಂದೆ ಹಾಕಿ ಹೋಯಿತು. ಈಗಿನ ಮೊಪೆಡ್ಡುಗಳು ಬಹಳ ಸುಧಾರಿಸಿವೆ ಎಂದುಕೊಂಡೆ.

ನೀಲವ್ವ ಅಂಗಳಕ್ಕೆ ಬಂದು ನೋಡಿದಳು. ಬಹಳ ಹೊತ್ತು ನೋಡಿದಳು.

"ಆನಿಗೆ ಕುರಿ ಕಾಲು ಹಚ್ಚಿಸ್ಕೊಂಡ ಬಂದೀರಲ್ರಿ!"

"ಹತ್ತಿ ನೋಡು."

ಹತ್ತಿದಳು. "ಮೊದಲ ಉಸ್ಸಪ್ಪಾ ಅಂತ ಹತ್ತತಿದ್ನಿ. ಈಗ ಉಸ್ ಅಂತ ಹತ್ತಿದ್ನಿ. 'ಅಪ್ಪಾ' ಅನ್ನೋದಷ್ಟ ಉಳೀತು."

ಶುಕ್ರವಾರ ಅಮಾವಾಸ್ಯೆ. ಅದು ಕಳೆದರೆ ಮಗಳಿಗೆ ಎಂಟು ತಗಲುತ್ತದೆ. ಹಾಗಾಗಿ ಗುರುವಾರವೇ ಹೋಗಿ, ಬೀಗರ ಮನೆಯಲ್ಲಿ ಊಟ ಮುಗಿಸಿ, ಮಧ್ಯಾಹ್ನ ಒಂದೂವರೆಗೆ ರಾಹುಕಾಲ ಹಿಡಿಯುವ ಮೊದಲು ಮಗಳು ಹೊಸ್ತಿಲು ದಾಟಬೇಕು ಎಂದು ಮಾತಾಯಿತು. ಶುಭಕಾರ್ಯಕ್ಕೆ ಹೊರಟಾಗ ಅವಸರ ಸಲ್ಲದೆಂದು ನಾನು ಮುಳ್ಳನ್ನು ಐವತ್ತರ ಮೇಲೆ ನಿಲ್ಲಿಸಿ, ಹತ್ತೂವರೆಗೆ ಬಾದಾಮಿ ಮುಟ್ಟುವ ಲೆಕ್ಕ ಹಾಕಿ ಹೊರಟೆ.

ಹುನಗುಂದದ ಮೊದಲ ಹಂಪಿನಲ್ಲೇ ಗಾಡಿಯ ಹೊಟ್ಟೆಯಿಂದ 'ಕರ್‍ರ್' ಎಂಬ ಸದ್ದು ಬಂತು. ಇಳಿದು ಬಗ್ಗಿ ನೋಡಿದೆ. ಸೈಲೆನ್ಸರ್ ಹಂಪನ್ನು ಸವರಿತ್ತು.

"ನೀಲಾ, ಸ್ವಲ್ಪ ಇಳಿ. ಭಾರ ಕಡಿಮಿ ಆದ್ರ ಗಾಡಿ ಮ್ಯಾಲ ಏಳತೈತಿ."

ಇಳಿದಳು. ಹಂಪು ದಾಟಿಸಿದೆ. ಹತ್ತಿದಳು. ಶಾಲೆಯ ಮುಂದೆ ಇನ್ನೊಂದು. ಇಳಿದಳು. ಅಮೀನಗಡದಲ್ಲಿ ಕರದಂಟಿನ ಅಂಗಡಿಗಳ ಸಾಲು ಮುಗಿಯುವವರೆಗೂ ಅವಳು ಹತ್ತಲೇ ಇಲ್ಲ. ಗಾಡಿಯ ಪಕ್ಕದಲ್ಲಿ ನಡೆದುಕೊಂಡೇ ಬಂದಳು. ದಾರಿಯಲ್ಲಿ ಬೀಗರಿಗೆಂದು ಕರದಂಟನ್ನೂ ಕೊಂಡಳು. ನಾನು ಮುಂದಿನ ಹಂಪಿಗೆ ಬರುವಷ್ಟರಲ್ಲಿ ಅವಳು ಅಲ್ಲಿ ಪೊಟ್ಟಣ ಹಿಡಿದು ಕಾಯುತ್ತಿದ್ದಳು.

"ಹತ್ತಾಕ ಸಸಾರ ಆಗ್ಲೆಂತ ಗಾಲಿ ಸಣ್ಣ ಮಾಡ್ಸಿದ್ರಿ. ಈಗ ಇಳಿಯೋದ ಕೆಲಸ ಆಗೈತಲ್ರಿ!"

"ಹತ್ತೋದು ಸಸಾರ ಆಗೈತಿಲ್ಲೋ?"

"ಆಗೈತ್ರಿ. ರೂಢಿ ಆಗೈತಿ."

ಇದಾದ ಮೇಲೆ ನನ್ನನ್ನು ಒಂದು ಗೂಢ ಸಂಶಯ ಕಾಡತೊಡಗಿತು. ಇಳಕಲ್ಲಿನಿಂದ ಬಾದಾಮಿಗೆ ಎಷ್ಟು ದೂರವೆಂಬುದು ನನಗೆ ಬಾಯಿಪಾಠ. ಹೊರಡುವಾಗಿನ ಮೀಟರನ್ನೂ ನೋಡಿಟ್ಟುಕೊಂಡಿದ್ದೆ. ಆದರೆ ಮೀಟರು ಒಂದು ಹೇಳುತ್ತಿತ್ತು, ರಸ್ತೆಬದಿಯ ಕಲ್ಲು ಇನ್ನೊಂದು ಹೇಳುತ್ತಿತ್ತು. ಮುಂದೆ ಹೋದಂತೆ ಅವೆರಡರ ಜಗಳ ಹೆಚ್ಚುತ್ತ ಹೋಯಿತು. ಗಡಿಯಾರ ಯಾರ ಪರ ಇದೆ ಎಂದು ನೋಡಿದೆ. ತಡವಾಗಿದೆಯೆಂದು ಅದೂ ಕಲ್ಲಿನ ಪರವೇ ಇತ್ತು. ಒಂದಕ್ಕೆ ವಿರುದ್ಧ ಎರಡು ಸಾಕ್ಷಿ. ಆದರೂ ಮೀಟರು ನನ್ನದು, ಕಲ್ಲು ಸರಕಾರದ್ದು. ನಾನು ನನ್ನದರ ಪರ ನಿಂತೆ.

"ಈ ಕಲ್ಲೆಲ್ಲಾ ತಪ್ಪ ನಟ್ಟಾರ" ಎಂದೆ.

"ಯಾರು?"

"ನಡೋವ್ರು."

"ಎಲ್ಲಾ ಕಲ್ಲೂ?"

"ಮೊದಲನೇದು ತಪ್ಪಿದ್ರ ಮುಂದಿನವೆಲ್ಲಾ ತಪ್ತಾವಲ್ಲಾ?"

ನೀಲವ್ವ ಕಿಟಕಿಯ ಹೊರಗೆ ನೋಡಿದಳು. ಒಬ್ಬ ಸೈಕಲ್ಲಿನವನು ನಮ್ಮ ಜೊತೆಗೇ ಬರುತ್ತಿದ್ದ. ಇಳಿಜಾರಿತ್ತು ನಿಜ, ಆದರೂ.

ಗುಳೇದಗುಡ್ಡ ದಾಟಿ ಸ್ವಲ್ಪ ದೂರ ಹೋದಾಗ, ಮೀಟರಿನ ಪ್ರಕಾರ ನಾವು ಬಾದಾಮಿಯಲ್ಲಿದ್ದೆವು. ಗಾಡಿಯನ್ನು ಬದಿಗೆ ತೆಗೆದು ನಿಲ್ಲಿಸಿ ಇಳಿದು ನೋಡಿದೆ. ಜೋಳದ ಹೊಲ. ಒಂದು ಜಾಲಿಮರ. ಕೆಲವು ಆಡು. ಬಾದಾಮಿ ಇರಲಿಲ್ಲ!

ಆಡು ಕಾಯುತ್ತಿದ್ದ ಮುದುಕ ಕೋಲಿಗೆ ಗದ್ದ ಊರಿ ನಿಂತಿದ್ದ.

"ಯಜ್ಜಾ, ಬಾದಾಮಿ ಎಲ್ಲೈತಿ?"

"ಮೊದಲ ಇದ್ದಲ್ಲೇ ಐತ್ರಿ."

"ಇಲ್ಲೇ ಇರಬೇಕಾಗಿತ್ತಲ್ಲಾ?"

ಮುದುಕ ಹಿಂದೆ ತಿರುಗಿ ನೋಡಿದ. ಪಾಪ, ಅವನಿಗೂ ಒಂದು ಗಳಿಗೆ ಅನುಮಾನ ಬಂದಿರಬೇಕು. ಆಮೇಲೆ ನೀಲವ್ವನ ಕಡೆ ನೋಡಿ ಮೆಲ್ಲಗೆ ಕೇಳಿದ, "ತಂಗೀ, ಯಜಮಾನ್ರಿಗೆ ಬಿಸಿಲು ಹತ್ತೈತೇನು?"

ಅಷ್ಟರಲ್ಲಿ ಹಿಂದಿನಿಂದ 'ಸುಂಯ್' ಎಂದಿತು. ನನ್ನ ಸಭ್ಯ ಟಾಯರು ಜಾಲಿಮುಳ್ಳಿಗೆ ಮರ್ಯಾದೆ ಕೊಟ್ಟಿತ್ತು. ಹಳೆಯ ಟಾಯರುಗಳು ಅಂಥ ಮುಳ್ಳನ್ನು ಅಗಿದು ನುಂಗುತ್ತಿದ್ದವು. ಹಿಂದಿನ ಎಡಗಾಲಿ ನೆಲಕ್ಕೆ ಒರಗಿತು.

ಜ್ಯಾಕು ಹಚ್ಚಿ ಗಾಲಿ ಬಿಚ್ಚಿ, ಸ್ಟೆಪ್ನಿ ತೆಗೆದೆ. ಆಗ, ಆ ಹೊಲದ ನಡುವೆ, ಅದರ ಗಾತ್ರ ನನ್ನ ಕಣ್ಣಿಗೆ ಬಿತ್ತು. ಹಾಕುವುದೋ ಬಿಡುವುದೋ ತಿಳಿಯದೆ ಅದನ್ನು ತಬ್ಬಿಕೊಂಡು ನಿಂತೆ.

"ಹೊತ್ತಾತ್ರಿ" ಎಂದಳು ನೀಲವ್ವ. ಅವಳ ದನಿಯಲ್ಲಿ ಈಗ ಕುಚೋದ್ಯ ಇರಲಿಲ್ಲ. "ಹನ್ನೆರಡು ಹೊಡದಾವು. ಕೂಸು ಹಾದಿ ನೋಡತಿರತಾಳ."

ಹಾಕಿದೆ.

"ಒಂದ ಗಾಲಿ ದೊಡ್ಡದಾತಲ್ರಿ" ಎಂದ ಮುದುಕ.

"ಗೊತ್ತೈತಿ."

"ಗೊತ್ತಿದ್ದ ಹಾಕಿದ್ರೇನು?"

ಮೂರು ಕುರಿಯ ಕಾಲು, ಒಂದು ಆನೆಯ ಕಾಲು. ಗಾಡಿ ಬಲಕ್ಕೆ ಓಲಿಕೊಂಡು ಸಾಗಿತು. ಹಿಂದೆ ಕೂತ ನೀಲವ್ವ ಪ್ರತಿ ತಿರುವಿಗೂ ಸೀಟಿನ ಮೇಲೆ ಜಾರಿ ತೆರೆಯದ ಬಾಗಿಲಿಗೆ ಬಡಿಯುತ್ತಿದ್ದಳು. ಆ ಬಾಗಿಲು ಯಾಕೆ ತೆರೆಯುವುದಿಲ್ಲವೆಂದು ದಿನವೂ ಬೈಯುತ್ತಿದ್ದವಳು ಅಂದು ಅದಕ್ಕೆ ಕೈ ಮುಗಿದಳು.

ಬೀಗರ ಓಣಿ ಮುಟ್ಟಿದಾಗ ರಾಹುಕಾಲಕ್ಕೆ ಸ್ವಲ್ಪವೇ ಹೊತ್ತು ಉಳಿದಿತ್ತು. ಕಟ್ಟೆಯ ಮೇಲೆ ಬೀಗರು ಬಿಳಿ ಧೋತರದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು. ಬಾಗಿಲೊಳಗೆ ಕಸ್ತೂರಿ ಹೊಸ ಸೀರೆ ಉಟ್ಟು, ಉಡಿ ತುಂಬಿಸಿಕೊಂಡು ತಯಾರಾಗಿ ನಿಂತಿದ್ದಳು.

"ಊಟ ಆಮ್ಯಾಲ ನೋಡೋಣ್ರಿ. ಮೊದಲ ಹೊಸ್ತಿಲ ದಾಟಸ್ರಿ" ಎಂದರು ಬೀಗತಿ. ಆಮೇಲೆ ಗಾಡಿ ನೋಡಿದರು. ತಲೆಯನ್ನು ಗಾಡಿಯಂತೆಯೇ ಒಂದು ಕಡೆ ವಾಲಿಸಿ ನೋಡಿದರು.

"ಬೀಗರ, ಒಂದ ಕಡೆ ಇಳಿಸೀರಿ, ಒಂದ ಕಡೆ ಏರಿಸೀರಿ. ಯಾವ ಕಡೆಯಿಂದ ಹತ್ತಬೇಕ್ರಿ?"

"ಎಡಗಡಿಂದ."

"ಅದು ಏರಿಸಿದ ಕಡೆ ಅಲ್ರಿ?"

"ಹೌದ್ರಿ."

"ಬಲಗಡಿಂದ ಹತ್ತಿದ್ರ?"

"ಆ ಬಾಗಲಾ ತಗಿಯಂಗಿಲ್ರಿ."

ನೀಲವ್ವ ನನ್ನತ್ತ ನೋಡದೆ ಮಗಳ ಕೈ ಹಿಡಿದು ನಿಂತಳು. ಅವಳ ಕಣ್ಣು ತುಂಬಿತ್ತು. ಬೀಗರಿಗೆ ಏನೋ ಹೊಳೆದಂತಾಗಿ, "ತಡೀರಿ ಬೀಗರ, ಒಂದ ನಿಮಿಷ ಬಂದೆ" ಎಂದು ಒಳಗೆ ಹೋದರು. ಎಲೆಅಡಿಕೆ ತರಲು ಹೋದರೆಂದು ತಿಳಿದೆ. ಇಂಥ ಹೊತ್ತಿನಲ್ಲಿ ಎಲೆಅಡಿಕೆಯೇ ಎಂದು ಬೇಸರವೂ ಆಯಿತು.

ಆಗ ನನ್ನ ಕಣ್ಣಿಗೆ ಬಿದ್ದದ್ದು ಕಟ್ಟೆಯ ಬುಡದ ಗಟಾರ.

ತೆರೆದ ಗಟಾರ. ಅಗಲ ಸರಿ, ಆಳ ಸರಿ, ಮನೆಯ ಉದ್ದಕ್ಕೂ ಹರಿದಿತ್ತು. ನನ್ನ ಪೂರ್ವಜರೆಲ್ಲ ಒಟ್ಟಿಗೆ ಎದ್ದು ನಿಂತು ಒಂದೇ ದನಿಯಲ್ಲಿ ಹೇಳಿದರು: ಕುಣಿ!

"ಎಲ್ಲಾರೂ ಸರೀರಿ" ಎಂದು ಗಾಡಿ ಹತ್ತಿ, ಎಡಗಡೆಯ ಎರಡೂ ಗಾಲಿಗಳನ್ನು ಮೆಲ್ಲಗೆ, ನೂಲು ಹರಿಯದ ಹಾಗೆ, ಗಟಾರಕ್ಕೆ ಇಳಿಸಿದೆ. ಎಂಥ ಹದ! ಗಾಡಿಯ ಬಾಗಿಲು ಕಟ್ಟೆಗೆ ಸರಿಸಮ ಬಂದು ನಿಂತಿತು. ಕಸ್ತೂರಿ ಬಲಗಾಲಿಟ್ಟು ಹೊಸ್ತಿಲು ದಾಟಿದಳು, ಕಟ್ಟೆಯ ಮೇಲೆ ನಡೆದು ಬಂದಳು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಂತೆ ಗಾಡಿಯೊಳಗೆ ಹೋಗಿ ಕೂತಳು. ನೀಲವ್ವ ಪಕ್ಕದಲ್ಲಿ ಕೂತಳು. ನೆರೆಯವರು "ಭೇಷ್!" ಎಂದರು. ಬೀಗತಿಯ ಮುಖ ಅರಳಿತು.

ಆ ಹೊತ್ತಿಗೆ ಬೀಗರು ಒಳಗಿನಿಂದ ಬಂದರು. ಅವರ ಕೈಯಲ್ಲಿ ಒಂದು ಮಣೆ ಇತ್ತು.

"ಇದನ್ನ ಇಟ್ಟ ಹತ್ತಿಸಿದ್ರಾತಂತ..." ಎಂದವರು ಗಾಡಿ ನಿಂತ ಠೀವಿ ನೋಡಿ ಅರ್ಧಕ್ಕೇ ಬಿಟ್ಟರು.

ಹಿಂದಿನ ಸೀಟಿನಲ್ಲಿ ನೀಲವ್ವ ಕೆಮ್ಮಿದಳು. ಅವಳಿಗೆ ಕೆಮ್ಮು ಇರಲಿಲ್ಲ.

ನಾನು ಗಂಭೀರವಾಗಿ ಗೇರು ಹಾಕಿ ಕಾಲು ಒತ್ತಿದೆ. ಇಂಜಿನ್ನು ಗುಡುಗಿತು. ಹಿಂದಿನ ಗಾಲಿ ಗಟಾರದ ರಾಡಿಯಲ್ಲಿ ತಿರುಗಿತು. ಹಿಂದೆ ನಿಂತ ಬೀಗರ ಧೋತರ ಕಟ್ಟೆಯ ಮಟ್ಟದಿಂದ ಮೊಣಕಾಲಿನವರೆಗೆ ಬಣ್ಣ ಬದಲಿಸಿತು. ಇನ್ನಷ್ಟು ಒತ್ತಿದೆ. ಗಾಡಿಯ ಹೊಟ್ಟೆ ಗಟಾರದ ಅಂಚಿನ ಹಾಸುಗಲ್ಲಿಗೆ ಅಂಟಿ ಕೂತಿತ್ತು. ಹಳೆಯ ಗಾಲಿಗಳಾಗಿದ್ದರೆ ಹೊಟ್ಟೆ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. ಮೀಟರು ನೋಡಿದೆ. ಮುಳ್ಳು ಅರವತ್ತು ತೋರಿಸುತ್ತಿತ್ತು.

ನಾವು ಬೀಗರ ಮನೆಯ ಮುಂದೇ ಇದ್ದೆವು!

"ಮೀಟರ್ ಕೆಟ್ಟೈತಿ" ಎಂದೆ, ಬೆಳಗಿನಿಂದ ಮೊದಲ ಸಲ.

"ಕೆಟ್ಟಿಲ್ಲಪ್ಪಾ" ಎಂದಳು ಕಸ್ತೂರಿ. "ಅದು ಗಾಲಿ ಎಷ್ಟ ಸುತ್ತ ಹಾಕೈತಿ ಅಂತ ಎಣಸ್ತೈತಿ, ಎಷ್ಟ ದೂರ ಹೋಗೈತಿ ಅಂತಲ್ಲ. ಗಾಲಿ ಸಣ್ಣದಾದ್ರ ಅಷ್ಟ ದೂರಕ್ಕ ಸುತ್ತ ಜಾಸ್ತಿ ಬೀಳ್ತಾವು. ಕಂಡಿಕಿ ಸುತ್ತೂ ಮುಂದ ನೀನ ಹೇಳ್ತಿದ್ದೆಲ್ಲೋ, ಸಣ್ಣ ಕಂಡಿಕಿಗೆ ಭಾಳ ಸುತ್ತು ಅಂತ?"

ಹೇಳಿದ್ದೆ. ನೂಲು ಸುತ್ತುವ ಆ ಸಣ್ಣ ಕೊಳವೆಯನ್ನು ಅವಳ ಕೈಗೆ ಕೊಟ್ಟು, ಹಳೆಯ ರಾಟೆಯ ಮುಂದೆ ಕೂರಿಸಿ ನಾನೇ ಕಲಿಸಿದ್ದೆ. ಹಾಗಾದರೆ ಕಲ್ಲುಗಳು ಸರಿಯಿದ್ದವೇ? ಮೊಪೆಡ್ಡು ಸುಧಾರಿಸಿರಲಿಲ್ಲವೇ? ಅಥವಾ ಮೀಟರು ಸರಿಯಿದ್ದು ನಾನು ಮಾತ್ರ... ಲೆಕ್ಕ ಅರ್ಧಕ್ಕೆ ಬಂದು, ಗಾಡಿಯ ಗಾಲಿಯ ಹಾಗೆಯೇ, ನಿಂತಲ್ಲೇ ತಿರುಗತೊಡಗಿತು.

"ಇನ್ನೊಮ್ಮೆ ಒತ್ತಲೇನು?" ಎಂದೆ.

"ನಗಿಸಬ್ಯಾಡಪ್ಪಾ, ಹೊಟ್ಟಿ ಹಿಡಕೊಳ್ಳಾಕತ್ತೈತಿ!" ಎಂದು ಕಸ್ತೂರಿ ಹೊಟ್ಟೆ ಹಿಡಿದುಕೊಂಡಳು. ಬೀಗತಿ ಗಾಬರಿಯಾಗಿ ಬಾಗಿಲು ತೆಗೆದರು.

"ಇಳೀವ್ವಾ ನೀ. ಹೊಸ್ತಿಲ ದಾಟೀದಿ, ಅಷ್ಟ ಸಾಕು. ರಾಹುಕಾಲ ಇನ್ನ ಗಾಡಿಗೆ ಹತ್ಲಿ. ಒಳಗ ಬ್ಯಾಡ, ಹಂಗ ಮುಂದ ನಡೀರಿ. ಇಳಕಲ್ ಬಸ್ಸೈತಿ."

ನಾನು ಸ್ಟಿಯರಿಂಗ್ ಹಿಡಿದೇ ಕೂತಿದ್ದೆ. ಇಳಿಯಲು ಹೋದರೆ ನನ್ನ ಬಾಗಿಲು ಆಕಾಶಕ್ಕೆ ಮುಖ ಮಾಡಿತ್ತು. ಕಡೆಗೆ ಬೀಗರು ಅದೇ ಮಣೆಯನ್ನು ತಂದು ಬಾಗಿಲ ಕೆಳಗೆ ಇಟ್ಟು, ಕೈ ಕೊಟ್ಟು ಇಳಿಸಿಕೊಂಡರು. ಅವರ ಧೋತರದ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.

ಬಸ್‌ಸ್ಟ್ಯಾಂಡಿಗೆ ಎಲ್ಲರೂ ನಡೆದೇ ಹೋದೆವು. ಬಸ್ಸು ನಿಂತಿತ್ತು. ಅದರ ಮೊದಲ ಮೆಟ್ಟಿಲನ್ನು ಕಣ್ಣಳತೆಯಲ್ಲೇ ಅಳೆದೆ; ನನ್ನ ಗಾಡಿ ಹಳೆಯ ಗಾಲಿಯ ಮೇಲಿದ್ದಾಗಲೂ ಅಷ್ಟು ಎತ್ತರ ಇರಲಿಲ್ಲ. ಕಸ್ತೂರಿ ಸೀರೆ ಎತ್ತಿ ಹಿಡಿದು, ಕಂಬಿ ಹಿಡಿದು, ಮಾತಾಡುತ್ತಾ ಮಾತಾಡುತ್ತಾ ಹತ್ತಿಬಿಟ್ಟಳು. ವಾರದ ಹಿಂದೆ ದವಾಖಾನೆಗೆ ಹೋಗಿ ಬಂದದ್ದೂ ಬಸ್ಸಿನಲ್ಲೇ ಅಂತೆ.

ನಾನು ಬೀಗತಿಯ ಕಡೆ ತಿರುಗಿದೆ. "ಇದು ನನ್ನ ಗಾಡಿಕಿಂತ ಎತ್ತರ ಐತಲ್ರಿ?"

"ಅದು ಬಸ್ ಐತಲ್ರಿ ಬೀಗರ" ಎಂದರು ಅವರು, ಮಗುವಿಗೆ ತಿಳಿಹೇಳುವಂತೆ.

ಈ ಉತ್ತರದ ಅರ್ಥವನ್ನು ನಾನು ಇಂದಿಗೂ ಹುಡುಕುತ್ತಿದ್ದೇನೆ.

ನೀಲವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಮುಖದಲ್ಲಿ ಹಬ್ಬದ ಕಳೆಯಿತ್ತು. "ನೀವು ಸಾವಕಾಶ ಬರ್ರಿ" ಎಂದಳು. ಬೆಳಗಿನಿಂದ ನಾನು ಅದನ್ನೇ ಮಾಡುತ್ತಿದ್ದೆ.

ಗಾಡಿಯನ್ನು ಬೀಗರ ನೆರೆಯವರ ಎತ್ತುಗಳು ಎಳೆದು ಮೇಲೆ ತಂದವು. ಮಗಳ ಕುಬಸ ಇಳಕಲ್ಲಿನ ನಮ್ಮ ಮನೆಯಲ್ಲೇ ಆಯಿತು. ಬಾಗಲಕೋಟೆಗೆ ಹೋದಾಗ ರಾಜೇಸಾಬ ನನ್ನ ಹಳೆಯ ಗಾಲಿಗಳನ್ನು ಬಾಗಿಲ ಹತ್ತಿರವೇ ಒರಗಿಸಿ ಇಟ್ಟಿದ್ದ. ಈಗ ಗಾಡಿಯ ಹಿಂದಿನ ಸೀಟಿನ ಕೆಳಗೆ ಒಂದು ಮಣೆ ಇದೆ. ಕಸ್ತೂರಿ ಮಗುವನ್ನು ಎತ್ತಿಕೊಂಡು ಬಾದಾಮಿಗೆ ಬಸ್ಸಿನಲ್ಲಿ ಹೋದಳು.